ಅನಿಲೀನ್ ಕೆಂಪಾಗದ ಶನಿವಾರ

೧೯೬೬ನೆಯ ಇಸವಿ, ಫೆಬ್ರವರಿಯ ಎರಡನೆಯ ಶನಿವಾರ, ಬೆಳಿಗ್ಗೆ ಏಳೂವರೆ. ಸ್ಥಳ, ಹೊಸನಗರದ ಒಂದು ಸಣ್ಣ ಖಾಸಗಿ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆ. ಹಾಜರಿದ್ದವರು ಮೂವರು: ರಸಾಯನಶಾಸ್ತ್ರದ ಮೇಷ್ಟ್ರು, ಕಾಲೇಜು ಸಮಿತಿಯ ಅಧ್ಯಕ್ಷರು ಮತ್ತು ನಾನು. ಅಟೆಂಡರ್ ಹಿಂದಿನ ಸಂಜೆಯೇ ಮಂಜುಗಡ್ಡೆ ತರಲು ಸಾಗರಕ್ಕೆ ಹೋಗಿದ್ದ. ಅವನು ಮೊದಲ ಬಸ್ಸಿಗೆ ಬರಬೇಕಿತ್ತು.

ಆ ಕಾಲೇಜು ಈಗಿಲ್ಲ. ಕಟ್ಟಡವೂ ಕಾಲೇಜಿಗೆಂದು ಕಟ್ಟಿದ್ದಲ್ಲ, ಅಧ್ಯಕ್ಷರ ಅಡಿಕೆ ದಾಸ್ತಾನಿನ ಉಗ್ರಾಣ. ಶರಾವತಿಯ ಅಣೆಕಟ್ಟಿನ ನೀರು ಏರಿ ತೋಟ ಮುಳುಗಿದ ಮೇಲೆ ಅವರು ಈ ಕಡೆ ಬಂದು ಹೊಸದಾಗಿ ನೆಲೆ ಮಾಡಿಕೊಂಡಿದ್ದರು. ಅಡಿಕೆ ತುಂಬಲು ಕಟ್ಟಿಸಿದ ಉಗ್ರಾಣವನ್ನು ಅಡಿಕೆ ಬರುವ ಮುಂಚೆಯೇ ಕಾಲೇಜಿಗೆ ಕೊಟ್ಟುಬಿಟ್ಟರು. ಹಗಲೆಲ್ಲ ಅದರ ಬಾಗಿಲು ತೆರೆದೇ ಇರುತ್ತಿತ್ತು. ತಮ್ಮ ಮನೆಯ ಜಗುಲಿಗೆ ಬಂದ ಹಾಗೆ ಅವರು ಬಂದು ಕೂರುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನುವುದಾದರೂ ಹೇಗೆ?

ನಾನು ಡೆಮಾನ್‌ಸ್ಟ್ರೇಟರ್. ಊರಿನವರ ಬಾಯಲ್ಲಿ 'ಗಾಜು ತೊಳಿಯೋ ಟೀಚರ್'. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆಯವಳು. ಹುಡುಗಿಯಾಗಿದ್ದಾಗ ಓದಿದ್ದು ಶಿವಮೊಗ್ಗದ ಹಾಸ್ಟೆಲಿನಲ್ಲಿ. ಅಲ್ಲಿ ಏಳಲು ಒಂದು ಗಂಟೆ, ಊಟಕ್ಕೊಂದು, ದೀಪ ಆರಿಸಲು ಒಂದು. ಆ ಅಭ್ಯಾಸ ಮೈಗೆ ಅಂಟಿದ್ದು ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಪ್ರಯೋಗಶಾಲೆಯ ಪ್ರತಿ ಬಾಟಲಿಗೂ ನನ್ನ ಅಕ್ಷರದ ಚೀಟಿ ಇರುತ್ತಿತ್ತು. ಪ್ರತಿ ಸೀಸೆಗೂ ಅದರ ಜಾಗ ಇತ್ತು. ಆ ದಿನ ನನ್ನನ್ನು ಗೊಂದಲದಲ್ಲಿ ಕೆಡವಿದ್ದೂ ಆ ಚೀಟಿಗಳ ಮೇಲೆ ನನಗಿದ್ದ ನಂಬಿಕೆಯೇ.

ನಮ್ಮಲ್ಲಿ ಆಗ ಇದ್ದದ್ದು ಪಿಯುಸಿ ತರಗತಿ ಮಾತ್ರ. ಬಿಎಸ್ಸಿ ತರಗತಿ ಬೇಕೆಂದು ಸಮಿತಿ ವಿಶ್ವವಿದ್ಯಾಲಯಕ್ಕೆ ಬರೆದಿತ್ತು. ನೋಡಿ ಹೇಳಲು ಆ ಶನಿವಾರ ಮಧ್ಯಾಹ್ನ ಅಲ್ಲಿಂದ ಒಬ್ಬ ಪ್ರೊಫೆಸರ್ ಬರುವವರಿದ್ದರು. ಅವರು ಹೂಂ ಅಂದರೆ ಜೂನಿನಿಂದ ನನ್ನ ಕೆಲಸ ಕಾಯಂ ಆಗುತ್ತಿತ್ತು. ಉಹೂಂ ಅಂದರೆ ಮಾರ್ಚಿಗೆ ಮುಗಿಯುತ್ತಿತ್ತು. ಆಮೇಲೆ ತೀರ್ಥಹಳ್ಳಿಯಲ್ಲಿ ಮಾವನ ಅಕ್ಕಿ ಗಿರಣಿಯ ಮುಂದೆ ಕೂತು ಭತ್ತದ ಚೀಲಕ್ಕೆ ಚೀಟಿ ಹರಿಯುವುದು. ಮಾವ ಕುರ್ಚಿಯನ್ನೂ ತೋರಿಸಿಯಾಗಿತ್ತು. ಗಿರಣಿಯ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನಗೆ ಅದು ಬೇಡವಾಗಿತ್ತು, ಅಷ್ಟೆ.

ಗ್ಯಾಸಿಲ್ಲ, ನಲ್ಲಿಯಿಲ್ಲ, ಕರೆಂಟು ಬಂದರೆ ಬಂತು. ಇಂಥ ಕಡೆ ಒಂದು ಸಾವಯವ ವಸ್ತುವನ್ನು ತಯಾರಿಸಿ ಅದರ ಗುಣ ತೋರಿಸುವುದು ಸಾಧ್ಯವೇ ಎಂದು ನೋಡಲು ಪ್ರೊಫೆಸರರು ಬಯಸಿದ್ದರು. ಏನು ಮಾಡಬೇಕೆಂಬ ಆಯ್ಕೆ ನಮ್ಮದು. ನಾನು ಸುಲಭದ್ದು ಹೇಳಿದ್ದೆ.

"ಆಸ್ಪಿರಿನ್ ಮಾಡೋಣ ಸಾರ್."

ಮೇಷ್ಟ್ರು ಮೈಸೂರಿನವರು. ಸಣ್ಣ ಆಳು, ದೊಡ್ಡ ಗಂಟಲು. "ಆಸ್ಪಿರಿನ್ ಬಿಳೀ ಪುಡಿ ಕಣಮ್ಮ. ಬಿಳೀ ಪುಡಿ ನೋಡಿ ಯಾರು ಬಾಯಿ ಬಿಡ್ತಾರೆ? ಸಕ್ಕರೆ ಅಂಗಡೀಲೂ ಸಿಗತ್ತೆ. ಅನಿಲೀನ್ ಮಾಡೋಣ. ಅದರಿಂದ ಕೆಂಪು ಬಣ್ಣ ತೆಗೆಯೋಣ. ಕೆಂಪು ತೋರಿಸ್ಬೇಕು!"

ಅನಿಲೀನ್ ಮಾಡುವುದು ಹೇಳಿದಷ್ಟು ಸುಲಭವಲ್ಲ. ನೈಟ್ರೋಬೆಂಜೀನ್ ಎಂಬ, ಬಾದಾಮಿ ವಾಸನೆಯ ಹಳದಿ ದ್ರವದಿಂದ ಶುರು. ಅದಕ್ಕೆ ತವರದ ಚೂರು ಹಾಕಿ, ಮೇಲಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಅವಸರ ಮಾಡಿದರೆ ಉಕ್ಕಿ ಮುಖಕ್ಕೆ ಬರುತ್ತದೆ. ಬಾದಾಮಿ ವಾಸನೆ ಹೋಗುವವರೆಗೆ ಕಾಯಿಸಿ, ಕಾಸ್ಟಿಕ್ ಸೋಡಾ ಹಾಕಿ, ಆಮೇಲೆ ಅದರೊಳಗೆ ಹಬೆ ಹಾಯಿಸಬೇಕು. ಹಬೆಯ ಜೊತೆ ಅನಿಲೀನ್ ಎದ್ದು ಬಂದು ಹಾಲಿನ ಹಾಗೆ ಇಳಿಯುತ್ತದೆ. ಹಬೆಗೆ ನಮ್ಮ ಬಳಿ ಇದ್ದದ್ದು ಸೀಮೆಎಣ್ಣೆ ಡಬ್ಬ ಮತ್ತು ಪಂಪ್ ಸ್ಟೌ. ತಣ್ಣೀರಿಗೆ ಅಟ್ಟದ ಮೇಲಿಟ್ಟ ಬಕೆಟ್ಟು, ಅದರಿಂದ ಇಳಿಬಿಟ್ಟ ರಬ್ಬರ್ ಕೊಳವೆ. ಗುರುವಾರ, ಶುಕ್ರವಾರ ಎರಡೂ ದಿನ ಇದೇ ಆಯಿತು. ಶನಿವಾರ ಬೆಳಿಗ್ಗೆ ಉಳಿದದ್ದು ಕೊನೆಯ ಬಟ್ಟಿ ಇಳಿಸುವಿಕೆ ಮಾತ್ರ.

ಇದ್ದಿಲಿನ ಶೆಗಡಿ ಹೊತ್ತಿಸಿ ಕೂತೆ. ಮೊದಲು ಸ್ವಲ್ಪ ಮಬ್ಬಾಗಿ ಬಂತು, ಅದನ್ನು ಬೇರೆ ಇಟ್ಟೆ. ಆಮೇಲೆ ತಿಳಿ ಎಣ್ಣೆಯ ಹಾಗೆ, ಬಣ್ಣವೇ ಇಲ್ಲದೆ, ಒಂದೊಂದೇ ಹನಿ ಇಳಿಯಿತು.

ಅಧ್ಯಕ್ಷರು ಬಗ್ಗಿ ನೋಡಿದರು. ಅವರದು ಅಡಿಕೆ ತೋಟದವರ ಮನೆಮಾತು, 'ನಾನು' ಅನ್ನಲು 'ಆನು', ಹುಡುಗಿಗೆ 'ಕೂಸು'. "ಕೂಸೆ, ಇದೆಂತ ಎಣ್ಣೆ?"

"ಅನಿಲೀನ್."

"ತಿಂಬಲಾಗ್ತಾ?"

"ವಿಷ. ಕೈಗೂ ತಾಗಿಸಬಾರದು."

"ಹಂಗಾರೆ ಎರಡು ದಿನ ಒಲೆ ಮುಂದೆ ಕೂತು ವಿಷ ಬೇಯಿಸಿದ್ದೆ ಹೇಳು. ನಮ್ಮನೆ ಕೊಬ್ಬರಿ ಎಣ್ಣೆನೇ ಅಡ್ಡಿಲ್ಲೆ."

ಮೇಷ್ಟ್ರು ನಕ್ಕರು. ಅಧ್ಯಕ್ಷರು ನಗಲಿಲ್ಲ, ತಮಾಷೆ ಮಾಡುವಾಗಲೂ ಅವರ ಮುಖ ಅಲುಗುತ್ತಿರಲಿಲ್ಲ. ಸೀಸೆಗೆ ಬೆಳಕು ಬೀಳದ ಹಾಗೆ ಕಂದು ಕಾಗದ ಸುತ್ತಿದೆ. ಬೆಳಕಿಗೆ ಗಾಳಿಗೆ ಬಿಟ್ಟರೆ ಅನಿಲೀನ್ ಕಪ್ಪಾಗುತ್ತದೆ. ಬೀರುವಿನಲ್ಲಿದ್ದ ಹಳೆಯದು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದ್ದರಿಂದಲೇ ಹೊಸದು ಮಾಡಬೇಕಾಗಿ ಬಂದದ್ದು.

ಅಟೆಂಡರ್ ಬಂದಾಗ ಹತ್ತೂವರೆ ದಾಟಿತ್ತು. ಹೆಗಲ ಮೇಲೆ ಗೋಣಿಚೀಲ, ಅದರೊಳಗೆ ಭತ್ತದ ಹೊಟ್ಟು, ಹೊಟ್ಟಿನೊಳಗೆ ಮಂಜುಗಡ್ಡೆ. ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆ.

"ಟಾಪ್ ಮೇಲೆ ಹಾಕು ಅಂದ್ರು ಕಂಡಕ್ಟ್ರು. ಹಾಕ್ದೆ. ಕೆಳಗೆ ಕೂತೋರ ತಲೆ ಮೇಲೆ ಸೋರ್ತು. ದಾರಿ ತುಂಬ ಬೈಸ್ಕೊಂಡು ಬಂದೀನಿ. ಒಬ್ಬಮ್ಮ ಅಂತೂ, ಮೀನು ತಂದೀಯ ಏನೋ, ಇಳಿ ಕೆಳಗೆ ಅಂದ್ಲು."

"ಮೀನಲ್ಲ ಅನ್ನಬೇಕಿತ್ತು," ಅಂದೆ.

"ಮಂಜುಗಡ್ಡೆ ಅಂದೆ. ಮದ್ವೆ ಮನೇದಾ ಅಂತ ಕೇಳಿದ್ಲು. ಕಾಲೇಜಿಂದು ಅಂದ್ರೆ ನಂಬಲೇ ಇಲ್ಲ."

ಹೊಟ್ಟು ಕೊಡವಿ ನೋಡಿದರೆ ತುಂಡುಗಳಲ್ಲಿ ಅರ್ಧದಷ್ಟು ಕಿತ್ತಳೆ ಬಣ್ಣದವು.

"ಇದೇನೋ ಇದು?" ಮೇಷ್ಟ್ರು ಗಂಟಲೆತ್ತಿದರು.

"ಐಸ್‌ಕ್ಯಾಂಡಿ ಅಂಗಡಿ ಅಲ್ವಾ ಸಾ. ಬಿಳೀದು ಇದ್ದಿದ್ದು ಅಷ್ಟೇ. ತಂಪು ಎಲ್ಲಾ ಒಂದೇ ಅಲ್ವಾ ಅಂದ ಅವನು. ನಂಗೂ ಹೌದು ಅನ್ನಿಸ್ತು."

ಮಾತು ತಪ್ಪಲ್ಲ. ಮಂಜು ಬೋಗುಣಿಯಲ್ಲಿರುತ್ತದೆ, ಔಷಧ ಗಾಜಿನೊಳಗೆ. ಹೊರಗಿನದಕ್ಕೆ ಬಣ್ಣವಿದ್ದರೇನು? ಆದರೂ ಮನಸ್ಸಿಗೆ ಕಿರಿಕಿರಿಯಾಯಿತು.

ಪ್ರೊಫೆಸರರು ಬರುವ ಮುಂಚೆ ಒಮ್ಮೆ ಮಾಡಿ ನೋಡುವುದೆಂದು ನಿಶ್ಚಯವಾಗಿತ್ತು. ಫ್ಲಾಸ್ಕಿನಲ್ಲಿ ಅನಿಲೀನನ್ನು ಆಮ್ಲಕ್ಕೆ ಹಾಕಿ ಕರಗಿಸಿ ಮಂಜಿನಲ್ಲಿಟ್ಟೆ. ಥರ್ಮಾಮೀಟರಿನ ಪಾದರಸ ಐದರ ಗೆರೆಯ ಕೆಳಗೆ ಇಳಿಯುವವರೆಗೆ ಕಾದು, ಸೋಡಿಯಂ ನೈಟ್ರೈಟಿನ ತಣ್ಣನೆಯ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ಇದರಿಂದ ಹುಟ್ಟುವ ವಸ್ತುವಿಗೆ ಡಯಜೋನಿಯಂ ಎಂದು ಹೆಸರು. ತಣ್ಣಗಿರುವ ತನಕ ಅದು ಬದುಕಿರುತ್ತದೆ. ಬಿಸಿ ತಾಗಿದರೆ ನೊರೆ ಬಿಟ್ಟು ಬೇರೆಯದೇ ಆಗಿಹೋಗುತ್ತದೆ. ಇನ್ನೊಂದು ಕಡೆ ಬೀಟಾ ನ್ಯಾಫ್ತಾಲನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಒಂದು ದೊಡ್ಡ ಕಂದು ಬಾಟಲಿಯ ತುಂಬ ಇಟ್ಟಿದ್ದೆ, ದಿನಕ್ಕೆ ಸಾಲಲಿ ಎಂದು. ಅದರಿಂದ ಸ್ವಲ್ಪ ಬೀಕರಿಗೆ ಸುರಿದು, ಡಯಜೋನಿಯಂ ದ್ರಾವಣವನ್ನು ಅದಕ್ಕೆ ಹೊಯ್ದೆ.

ಕೆಂಪು ಬಂತು. ಮುತ್ತುಗದ ಹೂವನ್ನು ಅರೆದು ಹಾಕಿದ ಹಾಗೆ ಬೀಕರಿನ ತುಂಬ ಕೆಂಪು.

ಅಧ್ಯಕ್ಷರು ಎದ್ದು ನಿಂತರು. "ಎಲಾ! ಒಲೆ ಇಲ್ಲೆ, ಬೆಂಕಿ ಇಲ್ಲೆ. ಎಲ್ಲಿಂದ ಬಂತು ಈ ಬಣ್ಣ?"

"ಅದೇ ಕೆಮಿಸ್ಟ್ರಿ ಸ್ವಾಮೀ!" ಅಂದರು ಮೇಷ್ಟ್ರು, ತಾವೇ ಅದನ್ನು ಹುಟ್ಟಿಸಿದವರ ಹಾಗೆ.

ಮಂಜಿನಲ್ಲಿ ಇನ್ನೊಂದಷ್ಟು ಡಯಜೋನಿಯಂ ಉಳಿದಿತ್ತು. ಅಧ್ಯಕ್ಷರು ಬೆರಳು ತೋರಿಸಿ, "ಇದನ್ನ ಎಂತ ಮಾಡ್ತೆ?" ಎಂದು ಕೇಳಿದರು.

"ಚೆಲ್ಲುವುದು. ಮಧ್ಯಾಹ್ನಕ್ಕೆ ಹೊಸದು ಮಾಡುತ್ತೇನೆ."

"ಚೆಲ್ಲದಾ?" ಅಂದು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಆಗಲೇ ಊಟಕ್ಕೆ ಎದ್ದಿದ್ದರು. ಊಟವಾದ ಮೇಲೆ ಅದನ್ನು ಹೊರಗಿನ ಗುಂಡಿಗೆ ಸುರಿಯಲು ಅಟೆಂಡರನಿಗೆ ಹೇಳಿ, ಉಳಿದ ಮಂಜನ್ನು ಮತ್ತೆ ಹೊಟ್ಟಿನಲ್ಲಿ ಹುಗಿದು, ನಾನೂ ಹೊರಟೆ. ಅಧ್ಯಕ್ಷರು ಹೊರಗೆ ಉಣ್ಣುವವರಲ್ಲ. "ನಿಂಗೊ ಹೋಗಿ ಬನ್ನಿ, ಆನು ಇಲ್ಲೇ ಒಂಚೂರು ಒರಗ್ತಿ," ಎಂದು ಬೆಂಚಿನ ಮೇಲೆ ಕೂತರು.

ಪ್ರೊಫೆಸರರು ಸಾಗರದ ಬಸ್ಸಿನಲ್ಲಿ ಎರಡೂವರೆಗೆ ಇಳಿದರು. ಎತ್ತರದ, ಒಣಕಲು ಮನುಷ್ಯ. ಸಂಜೆ ಐದರ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಬೇಕೆಂದು ಮೊದಲೇ ಹೇಳಿಬಿಟ್ಟರು. ತಕ್ಕಡಿ, ಆಮ್ಲದ ಬೀರು, ಪಂಪ್ ಸ್ಟೌ, ಅಟ್ಟದ ಮೇಲಿನ ಬಕೆಟ್ಟು ಎಲ್ಲ ನೋಡಿದರು. ಬಕೆಟ್ಟಿನ ಕೆಳಗೆ ತುಸು ಹೊತ್ತು ನಿಂತರು.

"ಇದೇ ನಿಮ್ಮ ನಲ್ಲಿಯೋ?"

"ಹೌದು ಸಾರ್. ಯಾವತ್ತೂ ಕೈ ಕೊಟ್ಟಿಲ್ಲ," ಅಂದರು ಮೇಷ್ಟ್ರು.

"ತುಂಬೋನು ಕೈ ಕೊಡದಿದ್ರೆ ಅದೂ ಕೊಡೋಲ್ಲ." ಸ್ಟೂಲಿನ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿದರು. "ಹೂಂ. ನಡೀಲಿ."

ಅನಿಲೀನ್ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಬ್ಲೀಚಿಂಗ್ ಪುಡಿಯ ನೀರಿಗೆ ಒಂದು ಹನಿ ಹಾಕಿದೆ, ನೇರಳೆ ಬಣ್ಣ ಬಂತು. ಬ್ರೋಮಿನ್ ನೀರಿಗೆ ಹಾಕಿದೆ, ಬಿಳಿಯ ಗಸಿ ಇಳಿಯಿತು. ಎರಡಕ್ಕೂ ಅವರು ತಲೆಯಾಡಿಸಿದರು. ಆಮೇಲೆ ಮಂಜು, ಆಮ್ಲ, ನೈಟ್ರೈಟ್. ಪಾದರಸ ಐದರ ಕೆಳಗೆ. ಕಂದು ಬಾಟಲಿಯಿಂದ ನ್ಯಾಫ್ತಾಲ್ ಬಗ್ಗಿಸಿಕೊಂಡೆ. ಕೊಂಚ ಕದಡಿದ ಹಾಗೆ ಕಂಡಿತು.

"ತಣ್ಣಗಾಗಿದೆ, ಅಷ್ಟೆ. ಹೊಯ್ಯಿ, ಹೊಯ್ಯಿ," ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು.

ಹೊಯ್ದೆ.

ಕೆಂಪು ಬರಲಿಲ್ಲ. ಕೆಸರು ಬಂತು. ಮಳೆಗಾಲದ ರಸ್ತೆಯ ಗುಂಡಿಯಲ್ಲಿರುವಂಥ ಕಂದು ಕೆಸರು, ಅದರಲ್ಲಿ ತೇಲುವ ಗಂಟುಗಳು. ಅಲ್ಲಾಡಿಸಿದೆ. ಇನ್ನಷ್ಟು ಕಂದಾಯಿತು.

ಮೇಷ್ಟ್ರು ಬೀಕರನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಅಲ್ಲಿಯೂ ಅದು ಕಂದೇ.

"ಎಲ್ಲಿ ನಿಮ್ಮ ಕೆಂಪು?" ಎಂದರು ಪ್ರೊಫೆಸರ್. ಸಿಟ್ಟಿರಲಿಲ್ಲ. ನಾಟಕ ತಡವಾದಾಗ ಮುಂದಿನ ಸಾಲಿನಲ್ಲಿ ಕೂತವರು ಕೇಳುವ ಹಾಗೆ ಕೇಳಿದರು.

"ಬೆಳಿಗ್ಗೆ ಬಂದಿತ್ತು ಸಾರ್."

"ಬೆಳಿಗ್ಗೆ ನಾನಿರಲಿಲ್ಲ."

ಅದೇ ಕೈ, ಅದೇ ಸೀಸೆ, ಅದೇ ಅಳತೆ. ಹಾಸ್ಟೆಲಿನ ಗಂಟೆ ತಪ್ಪಿ ಬಡಿದರೂ ತಪ್ಪು ಯಾರದೆಂದು ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲವೂ ಸರಿಯಾಗಿತ್ತು, ಬಂದದ್ದು ಮಾತ್ರ ತಪ್ಪು. ತಲೆಯೊಳಗೆ ಸಾಲಾಗಿ ಜೋಡಿಸಿದ್ದೆಲ್ಲ ಒಂದರ ಮೇಲೊಂದು ಬಿದ್ದ ಹಾಗಾಯಿತು.

ಮೇಷ್ಟ್ರು ಮೊದಲು ಹಿಡಿದದ್ದು ಮಂಜನ್ನು. "ಈ ಕಿತ್ತಳೆ ಹಾಳು! ಹಾರಿ ಒಳಗೆ ಬಿದ್ದಿರಬೇಕು."

"ಅಂಗಡಿಯೋನು ಸಕ್ಕರೆ ಹಾಕಿರ್ತಾನೆ ಸಾ, ಸಗಣಿ ಹಾಕಿರಲ್ಲ," ಅಂದ ಅಟೆಂಡರ್. ಅವನಿಗೆ ಬೆಳಗಿನಿಂದ ಬೈಸಿಕೊಂಡು ಸಾಕಾಗಿತ್ತು.

ಬಿಳಿಯ ತುಂಡುಗಳನ್ನೇ ಆರಿಸಿ ಇನ್ನೊಮ್ಮೆ ಮಾಡಿದೆ. ಕಂದು. ಹಾಗಾದರೆ ನೀರೇ? ಬಾವಿಯ ನೀರಿಗೆ ಪಂಚಾಯಿತಿಯವರು ಬ್ಲೀಚಿಂಗ್ ಪುಡಿ ಹಾಕಿರಬಹುದೇ? ಬೆಳಿಗ್ಗೆಯೂ ಅದೇ ನೀರು. ನೈಟ್ರೈಟ್ ಹಳೆಯದೇ? ಪಿಷ್ಟ-ಅಯೊಡೈಡ್ ಕಾಗದಕ್ಕೆ ತಾಗಿಸಿದರೆ ಆಗಬೇಕಾದಂತೆಯೇ ನೀಲಿಯಾಗುತ್ತಿತ್ತು. ಅನಿಲೀನ್ ಕೆಟ್ಟಿತೇ? ಈಗಷ್ಟೇ ನೇರಳೆ ಬಂದಿದೆ. ನ್ಯಾಫ್ತಾಲ್ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ, ನನ್ನ ಮನಸ್ಸಿಗೂ ಬರಲಿಲ್ಲ. ಬಾಟಲಿಯ ಮೇಲೆ ನನ್ನದೇ ಅಕ್ಷರವಿತ್ತು. ಬೆಳಿಗ್ಗೆ ಕೆಂಪು ಕೊಟ್ಟ ಬಾಟಲಿ ಅದು.

ಮೇಷ್ಟ್ರು ಬೆವರುತ್ತಿದ್ದರು. ಒಂದು ಸಲ ಆಮ್ಲ ಹೆಚ್ಚು ಹಾಕು ಅಂದರು. ಹಾಕಿದೆ. ಇನ್ನಷ್ಟು ಗಂಟು ಬಂದವು. ಕಡಿಮೆ ಹಾಕು ಅಂದರು. ಹಾಕಿದೆ. ಈ ಬಾರಿ ಹಳದಿ ಕೆಸರು. ಮಂಜು ಕರಗಿ ಬೋಗುಣಿಯಲ್ಲಿ ಶರಬತ್ತಿನಂಥ ನೀರು ನಿಂತಿತ್ತು, ಪಾದರಸ ಮೇಲೇರುತ್ತಿತ್ತು. ಮಾವನ ಗಿರಣಿಯ ಕುರ್ಚಿ ಕಣ್ಣ ಮುಂದೆ ಬಂತು. ಅದಕ್ಕೆ ಒಂದು ಕೈ ಇರಲಿಲ್ಲ.

ಪ್ರೊಫೆಸರರು ಮೂಗು ಮೇಲೆತ್ತಿದರು. "ಒಂದು ಮಾತು. ಇಲ್ಲಿ ಆಸ್ಪತ್ರೆ ವಾಸನೆ ಯಾಕೆ ಬರ್ತಿದೆ?"

ಬರುತ್ತಿತ್ತು. ಕಾರ್ಬಾಲಿಕ್ ಹಾಕಿ ತೊಳೆದ ವಾರ್ಡಿನ ವಾಸನೆ. ಒಳಗೆ ಬಂದಾಗಿನಿಂದಲೂ ಅದು ಇತ್ತೆಂದು ಆಗ ಅನ್ನಿಸಿತು. ಅವಸರದಲ್ಲಿ ಲಕ್ಷ್ಯ ಹೋಗಿರಲಿಲ್ಲ. ವಾಸನೆ ಹಿಡಿದು ಹೋದೆ. ಅದು ಇದ್ದಿಲಿನ ಶೆಗಡಿಯ ಹತ್ತಿರ ಹೆಚ್ಚಾಯಿತು. ಶೆಗಡಿಯ ಪಕ್ಕದಲ್ಲಿ ಬೆಳಗಿನ ಫ್ಲಾಸ್ಕು ಖಾಲಿಯಾಗಿ ನಿಂತಿತ್ತು. ಅದರ ಕತ್ತಿನ ಸುತ್ತ ಕಂದು ನೊರೆ ಒಣಗಿತ್ತು.

ಡಯಜೋನಿಯಂ ಬಿಸಿಯಾದರೆ ಫಿನಾಲ್ ಆಗುತ್ತದೆ. ಕಾರ್ಬಾಲಿಕ್ ಅಂದರೆ ಅದೇ. ನನ್ನ ಪಾಠದಲ್ಲಿ ನಾನೇ ಬೋರ್ಡಿನ ಮೇಲೆ ಬರೆಯುವ ವಾಕ್ಯ. ಆದರೆ ಮಂಜಿನಲ್ಲಿದ್ದದ್ದು ಕೆಂಡದ ಹತ್ತಿರ ಹೇಗೆ ಬಂತು?

"ಇದನ್ನು ಗುಂಡಿಗೆ ಸುರಿದೆಯಾ?" ಎಂದು ಅಟೆಂಡರನನ್ನು ಕೇಳಿದೆ.

"ನಾನು ಬಂದಾಗ ಖಾಲಿಯೇ ಇತ್ತಲ್ರೀ. ನೀವೇ ಸುರಿದ್ರಿ ಅನ್ಕೊಂಡೆ."

"ಚೆಲ್ಲಿದ್ದಿಲ್ಲೆ," ಅಂದರು ಬೆಂಚಿನ ಮೇಲಿದ್ದ ಅಧ್ಯಕ್ಷರು, ಸಮಾಧಾನದ ದನಿಯಲ್ಲಿ. "ಆನೇ ಹಾಕ್ದಿ."

"ಎಲ್ಲಿಗೆ?"

"ಆ ಕಂದು ಬಾಟ್ಲಿಗೆ. ಬಿಸಿ ಮಾಡಿ ಹಾಕ್ದಿ. ತಣ್ಣಗಿದ್ರೆ ಹಿಡಿತಿಲ್ಲೆ."

ನಾವು ನಾಲ್ವರೂ ಅವರನ್ನೇ ನೋಡಿದೆವು. ಅವರು ನಮ್ಮ ಮುಖಗಳನ್ನು ನೋಡಿ, ಇಷ್ಟು ಸಾಮಾನ್ಯ ಸಂಗತಿ ಗೊತ್ತಿಲ್ಲವೇ ಎಂಬಂತೆ ಪ್ರೊಫೆಸರರ ಕಡೆ ತಿರುಗಿದರು. "ಅಲ್ಲ, ನಿಂಗೊ ಓದಿದವರು. ಹಳೇ ಚೊಗರು ಇಲ್ಲದೆ ಹೊಸತಕ್ಕೆ ಬಣ್ಣ ಬತ್ತಾ? ಬೆಳಿಗ್ಗೆ ಬಂದ ಕೆಂಪು ಮಧ್ಯಾಹ್ನನೂ ಬರಕ್ಕು ಹೇಳಿ ಹಾಕಿದ್ದು. ಕೂಸು ಮರೆತು ಚೆಲ್ತು ಕಾಣ್ತು, ಪಾಪ, ಕೆಲಸ ಹೋಗ್ತು ಹೇಳಿ ಮಾಡ್ದಿ."

ಚೊಗರು ಎಂದರೆ, ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯ ತಳದಲ್ಲಿ ಉಳಿಯುವ ಕೆಂಪು ಮಂದ ರಸ. ಅಡಿಕೆ ಬೆಳೆಯುವವರು ಅದನ್ನು ಚೆಲ್ಲುವುದಿಲ್ಲ. ಕುದಿಸಿ ಗಟ್ಟಿ ಮಾಡಿ, ಕಾಪಾಡಿ, ಮುಂದಿನ ಬೇಯಿಸುವಿಕೆಗೆ ಬೆರೆಸುತ್ತಾರೆ. ಹೊಸ ಅಡಿಕೆಗೆ ಬಣ್ಣ ಬರುವುದೇ ಅದರಿಂದ. ನಾನೂ ಆ ಕಡೆಯವಳೇ, ಗೊತ್ತಿದ್ದ ವಿಷಯವೇ. ಆದರೆ ಕೆಂಡದ ಮೇಲೆ ನೊರೆಗರೆದು ಕಂದಾದ ಡಯಜೋನಿಯಂ ಯಾರ ಕಣ್ಣಿಗಾದರೂ ಚೊಗರಾಗಿ ಕಾಣಬಹುದೆಂದು ನನಗೆ ಹೇಗೆ ಹೊಳೆಯಬೇಕು? ಫ್ಲಾಸ್ಕಿನ ಆಮ್ಲವೆಲ್ಲ ಬಾಟಲಿಗೆ ಹೋಗಿತ್ತು. ಕಾಸ್ಟಿಕ್ ಸೋಡಾ ಸತ್ತು, ನ್ಯಾಫ್ತಾಲ್ ಗಂಟುಗಟ್ಟಿತ್ತು. ಬಾಟಲಿ ಕಂದು ಬಣ್ಣದ್ದು, ಒಳಗಿನದು ಹೊರಗೆ ಕಾಣುತ್ತಿರಲಿಲ್ಲ. ಚೀಟಿಯಂತೂ ಹಾಗೆಯೇ ಇತ್ತು.

ಮೇಷ್ಟ್ರು ಬೀಕರನ್ನು ಕೆಳಗಿಟ್ಟರು. "ಸ್ವಾಮೀ, ನೀವು... ನೀವು..." ಅನ್ನುವಷ್ಟರಲ್ಲೇ ನಿಂತರು. ಕಟ್ಟಡ ಕೊಟ್ಟವರಿಗೆ ಅದಕ್ಕಿಂತ ಮುಂದೆ ಏನು ಹೇಳಬಹುದೆಂದು ಅವರಿಗೆ ತಿಳಿಯಲಿಲ್ಲ.

ಪ್ರೊಫೆಸರರು ಸ್ಟೂಲನ್ನು ಅಧ್ಯಕ್ಷರ ಕಡೆ ಎಳೆದುಕೊಂಡರು. "ಈ ಚೊಗರು ಎಷ್ಟು ವರ್ಷ ಇರತ್ತೆ?"

"ಕಾದಿಟ್ರೆ ಇರ್ತು. ನಮ್ಮ ಹಳೇ ಊರು ಮುಳುಗಕ್ಕಾದ್ರೆ ಆನು ನನ್ನ ಕೈಯಾರೆ ಹೊತ್ತು ತಂದಿದ್ದು ಎರಡೇ. ಒಂದು ದೇವರ ಪೆಟ್ಟಿಗೆ, ಇನ್ನೊಂದು ಚೊಗರಿನ ಕೊಡ. ಹೆಂಡತಿ ಬೈದಳು, ತೊಟ್ಟಿಲು ಬಿಟ್ಟು ಕೊಡ ಹೊರ್ತ್ರಾ ಹೇಳಿ. ತೊಟ್ಟಿಲು ಬಡಗಿ ಮಾಡ್ತ. ಚೊಗರು ಯಾರು ಮಾಡ್ತ?"

"ಈಗ ಇದೆಯಾ ಅದು?"

"ಇದ್ದು. ತೋಟ ಇಲ್ಲೆ. ಹೊಸ ಸಸಿ ಫಲ ಬಪ್ಪಲ್ಲಿವರೆಗೆ ಕಾಯವು."

ಪ್ರೊಫೆಸರರು ಕಂದು ಬಾಟಲಿಯ ಬಿರಟೆ ತೆಗೆದು ಮೂಸಿದರು. ಆಮೇಲೆ ನನ್ನನ್ನು ಕೇಳಿದರು, "ಬಾಟಲಿಯಲ್ಲಿ ಈಗ ಏನೇನಿದೆ?"

ಉಪ್ಪು, ಫಿನಾಲ್, ಗಂಟುಕಟ್ಟಿದ ನ್ಯಾಫ್ತಾಲ್, ಡಾಂಬರಿನಂಥ ಕಂದು ವಸ್ತು ಎಂದು ಒಂದೊಂದಾಗಿ ಹೇಳಿದೆ. ಸಾರಜನಕ ನೊರೆಯಾಗಿ ಹಾರಿಹೋಗಿದೆ ಅಂದೆ.

"ಇನ್ನೊಮ್ಮೆ ಮಾಡಿ ತೋರಿಸ್ತೀರಾ?"

ಬೋಗುಣಿಯ ಕಡೆ ನೋಡಿದೆ. ಗೋಣಿಚೀಲವನ್ನು ಅಟೆಂಡರ್ ಬೋರಲು ಹಾಕಿದ. ಒದ್ದೆ ಹೊಟ್ಟು ಬಿತ್ತು, ಮತ್ತೇನೂ ಬೀಳಲಿಲ್ಲ.

"ಮಂಜಿಲ್ಲ ಸಾರ್."

"ಹೂಂ," ಅಂದರು. ಕಿಟಕಿಯ ಹೊರಗೆ ನೋಡಿದರು. ಆ ಹೂಂ ಯಾವ ಹೂಂ ಎಂದು ನನಗೆ ಗೊತ್ತಾಗಲಿಲ್ಲ. ಮೇಷ್ಟ್ರ ಮುಖ ನೋಡಿದೆ, ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಎದ್ದು ಛತ್ರಿ ತೆಗೆದುಕೊಂಡು ಪ್ರೊಫೆಸರರು ಹೇಳಿದ್ದು ಇಷ್ಟು: "ಅನಿಲೀನ್ ಚೆನ್ನಾಗಿದೆ. ಕೆಂಪು ನಾನು ನೋಡಿಲ್ಲ, ನೋಡಿದೆ ಅಂತ ಬರೆಯೋಕಾಗೋಲ್ಲ. ಯಾಕೆ ಬರಲಿಲ್ಲ ಅನ್ನೋದು ನೋಡಿದೆ, ಅದನ್ನ ಬರೀತೀನಿ. ತರಗತಿ ಮಾಡ್ಕೊಳ್ಳಿ. ಒಂದು ಷರತ್ತು. ಈ ಕೋಣೆಗೆ ಬೀಗ ಬೇಕು. ಕೀಲಿ ಒಬ್ಬರ ಹತ್ತಿರವೇ ಇರಬೇಕು. ವರ್ಷಕ್ಕೊಬ್ಬರು ಬದಲಾಗೋ ಹಾಗಿಲ್ಲ, ಆ ಒಬ್ಬರು ಕಾಯಂ ಇರಬೇಕು. ಅವರಿಲ್ಲದೆ ಯಾರೂ ಒಳಗೆ ಬರಕೂಡದು." ಅಧ್ಯಕ್ಷರ ಕಡೆ ತಿರುಗಿ, "ಯಾರೂ ಅಂದ್ರೆ ಯಾರೂ. ತಪ್ಪು ತಿಳೀಬೇಡಿ," ಅಂದರು.

"ಇಲ್ಲೆ ಇಲ್ಲೆ," ಅಂದರು ಅಧ್ಯಕ್ಷರು.

ಆ ಒಬ್ಬರು ಯಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೇಷ್ಟ್ರು ಪ್ರೊಫೆಸರರ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಡುವಾಗ ನನ್ನ ಕಿವಿಯ ಹತ್ತಿರ, "ಬದುಕಿದೆ ಕಣಮ್ಮ! ನಿನ್ನ ಗಿರಣಿ ತಪ್ಪಿತು," ಅಂದು ಓಡಿದರು.

ಎಲ್ಲ ಸರಿಯಾಗಿ ಮಾಡಿಯೂ ಹೋಗಲಿದ್ದ ಕೆಲಸ, ಎಲ್ಲ ಕೆಟ್ಟು ಹೋದದ್ದರಿಂದ ಉಳಿದಿತ್ತು. ಇದನ್ನು ಯಾವ ಸಾಲಿಗೆ ಸೇರಿಸುವುದು? ನನಗೆ ಗೊತ್ತಾಗಲಿಲ್ಲ. ಗೊತ್ತಾಗದಿದ್ದಾಗ ಮಾಡುವ ಕೆಲಸ ನನಗೆ ಒಂದೇ. ಸೀರೆಯ ಸೆರಗು ಸಿಕ್ಕಿಸಿ ತೊಳೆಯಲು ನಿಂತೆ.

ಬೀಕರುಗಳ ಕೆಸರನ್ನು ಅಟೆಂಡರ್ ಗುಂಡಿಗೆ ಹಾಕಿದ. ಕಂದು ಬಾಟಲಿಯನ್ನು ನಾನೇ ಬರಿದು ಮಾಡಿದೆ. ಫ್ಲಾಸ್ಕಿನ ಕತ್ತಿನ ಕಂದು ಗೆರೆ ಸೋಡಾದಿಂದ ಹೋಗಲಿಲ್ಲ, ಆಮ್ಲದಿಂದ ಹೋಯಿತು. ಗಾಜುಗಳನ್ನು ಬೋರಲು ಹಾಕಿದೆ. ಅನಿಲೀನ್ ಸೀಸೆಯ ಬಿರಟೆ ಒತ್ತಿ ಬೀರುವಿನ ಒಳಭಾಗಕ್ಕೆ ಸರಿಸಿದೆ. ಶೆಗಡಿಯ ಕೆಂಡಕ್ಕೆ ನೀರು ಹಾಕಿದೆ.

ಅಟೆಂಡರ್ ಪೇಟೆಗೆ ಹೋಗಿ ಒಂದು ಹಿತ್ತಾಳೆಯ ಬೀಗ ತಂದ. ಅಧ್ಯಕ್ಷರು ಇನ್ನೂ ಬೆಂಚಿನ ಮೇಲೇ ಇದ್ದರು. ಬಾಗಿಲಲ್ಲಿ ಬೀಗ ಹಿಡಿದು ನಿಂತೆ. ಅವರನ್ನು ಏಳಿ ಅನ್ನಬೇಕು. ಅವರದೇ ಸೂರು, ಅವರದೇ ಗೋಡೆ.

ಅವರೇ ತಲೆ ಎತ್ತಿದರು. "ಎಂತ ಕೂಸೆ? ಆನೂ ಹೊರಗಾ?"

"ಹೌದು," ಅಂದೆ.

"ಬರಕ್ಕಾದ್ರೆ ಕೇಳಿ ಬರವು?"

"ಕೇಳಿ ಬನ್ನಿ. ನಾನಿದ್ದಾಗ ಬನ್ನಿ."

"ಅಡ್ಡಿಲ್ಲೆ. ನಮ್ಮನೆ ಹಂಡೆ ಹತ್ರ ಆನೂ ಯಾರನ್ನೂ ಬಿಡ್ತಿಲ್ಲೆ." ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಒಂದು ಹೆಜ್ಜೆ ಹೋಗಿ ತಿರುಗಿದರು. ಅವರಿಗೆ ಬೇಸರವಾಗಿತ್ತೋ ಇಲ್ಲವೋ, ಆ ಅಲುಗದ ಮುಖದಲ್ಲಿ ನನಗೆ ಓದಲಾಗಲಿಲ್ಲ. "ಹೋಗ್ತಿ ಹಂಗಾರೆ," ಎಂದು ಕೈಬೀಸಿ ಮನೆಯ ಕಡೆ ನಡೆದರು.

ಬಾಗಿಲೆಳೆದು ಚಿಲಕ ಹಾಕಿದೆ. ಬೀಗ ಹೊಸದು, ಒಂದೇ ಸಲಕ್ಕೆ ಕೂರಲಿಲ್ಲ. ಎರಡನೆಯ ಸಲ ಒತ್ತಿದೆ, ಕೂತಿತು. ಎಳೆದು ನೋಡಿದೆ.